ಎಂಜಿನ್ನಿನ ಜಾತಕ

ಮರದ ವಯಸ್ಸನ್ನು ಅದರ ಕಾಂಡದೊಳಗಿನ ಉಂಗುರಗಳಿಂದ ಅರಿಯಬಹುದೆಂಬುದನ್ನು ನೀವು ಓದಿರುವಿರಿ. ಅರುವತ್ತು ವರ್ಷಗಳ ಹಿಂದಿನ ಮೋಟಾರು ಕಾರೊಂದರಲ್ಲಿರುವ ಎಂಜಿನ್ನು ಆ ಕಾರಿನೊಡನೆಯೇ ಬಂದುದೋ, ಅನಂತರ ಎಲ್ಲಿಂದಲೋ ತಂದು ಕೂಡಿಸಿದುದೋ ಎಂಬುದನ್ನು ಅರಿಯುವುದು ಹೇಗೆ? ಇದು ಬರಿಯ ಕುತೂಹಲದ ಪ್ರಶ್ನೆಯಲ್ಲ. ಹಳೆಯ ಕಾರುಗಳ ಸಂಗ್ರಾಹಕರು ಅಸಲು ಎಂಜಿನ್ನುಳ್ಳ ಕಾರಿಗೆ ಹೆಚ್ಚಿನ ಬೆಲೆ ಕೊಡುತ್ತಾರೆ. ಬೆಲೆಯಲ್ಲಿ ಅಂತರವಿದ್ದೆಡೆ ವಂಚನೆಗೂ ಅವಕಾಶವುಂಟು.

ಅಮೆರಿಕದಲ್ಲಿ 1965ರಲ್ಲಿ ತಯಾರಾದ ಷೆವ್ರೊಲೆ ಕಾರ್ವೆಟ್ ಕಾರನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಇವುಗಳಲ್ಲಿ ಬಹುಪಾಲಿಗೆ ಎಂಟು ಸಿಲಿಂಡರುಗಳ, 327 ಘನ ಅಂಗುಲ, ಎಂದರೆ ಸುಮಾರು 5.4 ಲೀಟರ್ ಗಾತ್ರದ ಎಂಜಿನ್ನಿತ್ತು. ಸಿಲಿಂಡರುಗಳನ್ನು ಒಳಗೊಂಡ ಅದರ ಮುಖ್ಯ ಭಾಗಕ್ಕೆ ಬ್ಲಾಕ್ ಎಂದು ಹೆಸರು. ಕರಗಿದ ಬೀಡು ಕಬ್ಬಿಣವನ್ನು ಮರಳಿನ ಅಚ್ಚಿಗೆ ಹೊಯ್ದು ಅದನ್ನು ಎರಕಮಾಡುತ್ತಿದ್ದರು. ಅಂಕಿಗಳು ಅಚ್ಚಿನಲ್ಲಿಯೇ ಇರುತ್ತಿದ್ದುದರಿಂದ ಬ್ಲಾಕಿನ ಮೇಲೆ ಉಬ್ಬಿ ಮೂಡುತ್ತಿದ್ದುವು. ಹಿಂಬದಿಯ ಎಡಗಡೆ ಇರುವುದು ಎರಕದ ಸಂಖ್ಯೆ. 3782870 ಎಂಬುದು ಇಂಥದೊಂದು. ಬಲಗಡೆ ಇರುವುದು ಎರಕದ ದಿನಾಂಕ. ಇಲ್ಲಿ ಹನ್ನೆರಡು ತಿಂಗಳುಗಳಿಗೆ ಇಂಗ್ಲಿಷಿನ ಮೊದಲ ಹನ್ನೆರಡು ಅಕ್ಷರಗಳು ಸಂಕೇತ. ‘ಸಿ 15 5’ ಎಂದಿದ್ದರೆ ಮಾರ್ಚ್ 15. ವರ್ಷದ ಕೊನೆಯ ಅಂಕಿ 5. ಇದು 1955 ಏಕಾಗಬಾರದು? 327ರ ಎಂಜಿನ್ನು ಬಂದುದೇ 1962ರಲ್ಲಿ. ಆದುದರಿಂದ ಇದು 1965 ಎಂದೇ ನಿರ್ಣಯವಾಗುತ್ತದೆ.

ಎರಡನೆಯ ಗುರುತು ಬ್ಲಾಕಿನ ಮುಂಬದಿಯ ಬಲಗಡೆ, ಸಿಲಿಂಡರ್ ಹೆಡ್ಡಿನ ಮುಂದಿರುವ ಸಣ್ಣ ಮಟ್ಟಸವಾದ ಪಟ್ಟಿಯಲ್ಲಿದೆ. ಇದನ್ನು ಉಕ್ಕಿನ ಮುದ್ರೆಯಿಂದ ಒತ್ತಿರುವುದರಿಂದ ಅಕ್ಷರಗಳು ತಗ್ಗಾಗಿರುತ್ತವೆ. ‘ಎಫ್ 0322’ ಎಂದರೆ ಫ್ಲಿಂಟ್ ನಗರದ ಕಾರ್ಖಾನೆಯಲ್ಲಿ ಮಾರ್ಚ್ 22ರಂದು ಜೋಡಿಸಿದುದು. ಮುಂದಿನ ಎರಡು ಅಕ್ಷರಗಳು ಎಂಜಿನ್ನಿನ ಬಗೆಯನ್ನು ಸೂಚಿಸುತ್ತವೆ. ಕಾರ್ವೆಟ್‌ನಲ್ಲಿ ಕಾರಿನ ಕ್ರಮಸಂಖ್ಯೆಯನ್ನೂ ಅಲ್ಲಿಯೇ ಒತ್ತುತ್ತಿದ್ದರು. ಮೊದಲು ಎರಕ, ಬಳಿಕ ಜೋಡಣೆ, ಕಡೆಗೆ ಸೇಂಟ್ ಲೂಯಿ ನಗರದಲ್ಲಿ ಕಾರಿನ ನಿರ್ಮಾಣ: ದಿನಾಂಕಗಳು ಈ ಕ್ರಮದಲ್ಲಿಯೇ ಇರಬೇಕು. ಕಾರು ಹೊರಬಿದ್ದ ಮೇಲೆ ಎರಕವಾದ ಬ್ಲಾಕು ಆ ಕಾರಿನದಾಗಿರಲಾರದು.

ಉಬ್ಬಿದ ಅಂಕಿಗಳನ್ನು ಬದಲಿಸುವುದು ಕಷ್ಟ. ತಗ್ಗಿನ ಅಂಕಿಗಳನ್ನು ಉಜ್ಜಿ ಅಳಿಸಿ ಬೇರೆಯವನ್ನು ಒತ್ತುವುದು ಸುಲಭ. ಆದರೆ ಕಾರ್ಖಾನೆಯಲ್ಲಿ ಆ ಪಟ್ಟಿಯನ್ನು ಬ್ರೋಚ್ ಎಂಬ ಹಲ್ಲುಗಳುಳ್ಳ ಉಪಕರಣದಿಂದ ಮಟ್ಟಮಾಡುವಾಗ ಎಂಜಿನ್ನಿನ ಉದ್ದಕ್ಕೂ ಕೂದಲಿನಷ್ಟು ಸಣ್ಣ ಸಮಾನಾಂತರ ಗೆರೆಗಳು ಉಳಿಯುತ್ತವೆ. ಅವುಗಳ ಬದಲು ಬಿಲ್ಲಿನಂತೆ ಬಾಗಿದ ಗೆರೆಗಳೋ ಅಡ್ಡಾದಿಡ್ಡಿಯಾದ ಗೀರುಗಳೋ ಕಂಡರೆ ಅಲ್ಲಿ ಮತ್ತೆ ಕೆಲಸ ನಡೆದಿದೆಯೆಂದು ತಿಳಿಯಬೇಕು. ಉಕ್ಕಿನಲ್ಲಿಯಾದರೆ ಮುದ್ರೆಯ ಪೆಟ್ಟಿಗೆ ಅಡಿಯ ಲೋಹವೂ ನಲುಗಿರುವುದರಿಂದ, ಅಳಿಸಿದ ಅಂಕಿಯನ್ನು ಆಮ್ಲದ್ರಾವಣದಿಂದ ಮತ್ತೆ ಕಾಣಿಸಬಹುದು. ಬೀಡು ಕಬ್ಬಿಣ ಭಿದುರ. ಅದು ಹೆಚ್ಚಾಗಿ ನಲುಗದು. ಆದಕಾರಣ ಅಲ್ಲಿ ಈ ವಿಧಾನ ಕಷ್ಟಸಾಧ್ಯ.

ಆದರೂ ಅವಸರದಿಂದ ತೀರ್ಪು ಕೊಡಲಾಗದು. ಡೊಂಕಾದ ಮೇಲ್ಮೈಯನ್ನು ಸರಿಪಡಿಸಲು ಪ್ರಾಮಾಣಿಕನಾದ ಮೆಕ್ಯಾನಿಕನು ಬ್ಲಾಕನ್ನು ಕೆತ್ತಿಸಿದಾಗಲೂ ಗೆರೆಗಳು, ಅಂಕಿಗಳು ಮಾಯವಾಗಬಹುದು. ಎಂಜಿನ್ನು ಚೆನ್ನಾಗಿ ಓಡುತ್ತದೆ, ಅಸಲೂ ಆಗಿದೆ. ಆದರೆ ತಾನು ಅಸಲೆಂದು ಹೇಳಿಕೊಳ್ಳಲು ಅದಕ್ಕೆ ಬಾಯಿಲ್ಲ! ಬೆಲೆಯೂ ಇಳಿಯುತ್ತದೆ.

ಸಾಮಾನ್ಯವಾಗಿ ಬೆಲೆಯಲ್ಲಿ ಮೂರು ಅಂತಸ್ತುಗಳುಂಟು: ಅದೇ ಕಾರಿನೊಡನೆ ಬಂದ ಭಾಗ, ಅದೇ ಕಾಲದ, ಅದೇ ಮಾದರಿಯ, ಬೇರೆ ಕಾರಿನ ಭಾಗ, ಇತ್ತೀಚೆಗೆ ತಯಾರಿಸಿದ ಬದಲಿ ಭಾಗ. ಬಿರುಕು, ಸವೆತ, ಸಿಲಿಂಡರನ್ನು ಅಗಲಿಸಿದ ಪ್ರಮಾಣ ಇವನ್ನೂ ಅಳೆದು ನೋಡಬೇಕು.

ಆದುದರಿಂದ ಹಳೆಯ ಎಂಜಿನ್ನು ಕೈಗೆ ಬಂದರೆ ಉಜ್ಜುಕಾಗದವನ್ನು ದೂರವಿಡಿ. ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಜಿಡ್ಡನ್ನು ಮೆಲ್ಲನೆ ಒರೆಸಿ, ಅಂಕಿಗಳನ್ನು ಬರೆದುಕೊಂಡು, ಅನಂತರವೇ ರಿಪೇರಿಗೆ ಕೈಹಾಕಿರಿ.