ಮನೆ ಬಾಗಿಲಿಗೆ ಔಷಧ: ಲೆಕ್ಕವಿಡುವವರು ಯಾರು?

ರಾಜ್ಯ ಸರ್ಕಾರದ ‘ಗೃಹ ಆರೋಗ್ಯ’ ಯೋಜನೆಯು 2024ರ ಅಕ್ಟೋಬರ್‌ನಲ್ಲಿ ಪ್ರಾಯೋಗಿಕವಾಗಿ ಆರಂಭಗೊಂಡದ್ದು ಕೋಲಾರ ಜಿಲ್ಲೆಯಲ್ಲಿಯೇ. 30 ವರ್ಷ ದಾಟಿದವರ ರಕ್ತದೊತ್ತಡ, ಮಧುಮೇಹಗಳನ್ನು ಮನೆಯಲ್ಲಿಯೇ ತಪಾಸಣೆ ಮಾಡಿ ಉಚಿತ ಔಷಧ ಒದಗಿಸುವುದು ಇದರ ಉದ್ದೇಶ. ಮಾಲೂರಿನ ಕಾರ್ಖಾನೆ ಕಾರ್ಮಿಕನಿಗೆ, ಮುಳಬಾಗಿಲಿನ ಅಂಗಡಿಯಾತನಿಗೆ ತಾಯಿಯನ್ನು ಆಸ್ಪತ್ರೆಗೆ ಕರೆದೊಯ್ಯುವ ಒಂದು ದಿನದ ದುಡಿಮೆ ಉಳಿಯುತ್ತದೆ.

ಆದರೆ ಅಪಾಯವೊಂದಿದೆ. ಖಾಸಗಿ ವೈದ್ಯರು ಬರೆದ ಮಾತ್ರೆ ಹಾಗೂ ಸರ್ಕಾರಿ ಮಾತ್ರೆಗಳ ಹೆಸರು ಬೇರೆಯಾದರೂ ಒಳಗಿನ ಔಷಧ ಒಂದೇ ಇರಬಹುದು. ಎರಡನ್ನೂ ಸೇವಿಸಿದ ವೃದ್ಧರ ರಕ್ತದ ಸಕ್ಕರೆ ಹಠಾತ್ತನೆ ಕುಸಿದೀತು. ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ ಕ್ರೇಟುಗಳಿಗೂ ಲೆಕ್ಕವುಂಟು. ಮಂಡಿ ಮಾಲೀಕರ ಮನೆಯ ಹಿರಿಯರ ಮಾತ್ರೆಗಳಿಗೆ ಬಹುಮಟ್ಟಿಗೆ ಇಲ್ಲ! ಔಷಧದ ಮೂಲ ಹೆಸರು, ಪ್ರಮಾಣ, ವೇಳೆ, ಬರೆದ ವೈದ್ಯರು: ಇಷ್ಟಕ್ಕೆ ಒಂದು ಹಾಳೆ ಸಾಕು. ಆರೋಗ್ಯ ಕಾರ್ಯಕರ್ತೆಯರು ಬಂದೊಡನೆ ಅದನ್ನೇ ಮೊದಲು ತೋರಿಸತಕ್ಕದ್ದು.