ಮೀನು ಹೆಚ್ಚಿದೆ, ಬಿಳಿಮೀನು ಎಲ್ಲಿ?

ಶಿವನಸಮುದ್ರದಲ್ಲಿ ಧುಮುಕಿದ ಕಾವೇರಿ ಕಾಡು ಹೊಕ್ಕು, ಭೀಮೇಶ್ವರಿ, ಗಾಳಿಬೋರೆಗಳನ್ನು ದಾಟಿ ಸಂಗಮದ ಕಡೆಗೆ ಹರಿಯುತ್ತದೆ. ಈ ಬಂಡೆಗಳ ನಡುವಿನ ಆಳವಾದ ಮಡುಗಳಲ್ಲಿ ಬೆನ್ನ ಮೇಲೆ ಡುಬ್ಬವಿರುವ, ಕಿತ್ತಳೆ ಬಣ್ಣದ ರೆಕ್ಕೆಯ ಒಂದು ಮೀನಿದೆ. ನದಿಯಂಚಿನ ಜನರಿಗೆ ಅದು ಬಿಳಿಮೀನು, ಪೇಟೆಯವರಿಗೆ ಮಹಶೀರ್. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರ ಗಾಳಕ್ಕೆ ಸಿಕ್ಕ ಮಹಶೀರ್ ತೂಗಿದ್ದು 120 ಪೌಂಡು, ಅಂದರೆ ಸುಮಾರು 54 ಕಿಲೋ. ಕಾವೇರಿ ಮತ್ತು ಅದರ ಉಪನದಿಗಳ ಹೊರಗೆ ಈ ಡುಬ್ಬದ ಮೀನು ಎಲ್ಲೂ ಇಲ್ಲ. ಈಗ ಇಲ್ಲೂ ಅದು ಅಪರೂಪ. ಕಣ್ಣೆದುರೇ ಇಷ್ಟು ದೊಡ್ಡ ಮೀನು ಕರಗುತ್ತಿದ್ದಾಗ ಯಾರಿಗೂ ಗೊತ್ತಾಗಲಿಲ್ಲವೇಕೆ? ಮೀನು ಎಷ್ಟಿವೆ ಎಂದು ಕೇಳಿದವರಿದ್ದರು, ಯಾವ ಮೀನು, ಯಾವ ವಯಸ್ಸಿನದು ಎಂದು ಕೇಳಿದವರು ಕಡಿಮೆ.

ಡುಬ್ಬದ ಮೀನು ಕರಗುತ್ತಿದ್ದುದಕ್ಕೆ ಪುರಾವೆ ಸಿಕ್ಕಿದ್ದು ಪ್ರಯೋಗಾಲಯದಲ್ಲಲ್ಲ, ಗಾಳಿಬೋರೆಯ ಗಾಳದ ಶಿಬಿರದಲ್ಲಿ. ಅಲ್ಲಿ ಹಿಡಿದ ಮೀನನ್ನು ತೂಗಿ, ಬರೆದುಕೊಂಡು, ಜೀವಂತವಾಗಿ ನೀರಿಗೆ ಬಿಡುವ ಪದ್ಧತಿಯಿತ್ತು. 1998ರಿಂದ 2012ರವರೆಗಿನ ಈ ದಾಖಲೆಗಳನ್ನು ಮೀನು ವಿಜ್ಞಾನಿಗಳಾದ ಏಡ್ರಿಯನ್ ಪಿಂಡರ್, ರಾಜೀವ್ ರಾಘವನ್ ಮತ್ತು ಜೊತೆಗಾರರು ಅಧ್ಯಯನ ಮಾಡಿ 2015ರಲ್ಲಿ ಪ್ರಕಟಿಸಿದರು. ಒಟ್ಟು 23,620 ಗಂಟೆಗಳ ಗಾಳಗಾರಿಕೆ, 6,161 ಮಹಶೀರ್‌ಗಳು. ವರ್ಷ ಕಳೆದಂತೆ ಗಂಟೆಗೆ ಸಿಗುವ ಮೀನಿನ ಸಂಖ್ಯೆ ಏರಿತ್ತು, ಸರಾಸರಿ ತೂಕ ಇಳಿದಿತ್ತು. ಮರಿಗಳು ಹೆಚ್ಚುತ್ತಿವೆ, ಶಿಬಿರದವರ ಕಾವಲು ಫಲಿಸಿದೆ ಎಂದು ಬೀಗಬಹುದಾದ ಅಂಕಿಗಳೇ. ಆದರೆ ರೆಕ್ಕೆಯ ಬಣ್ಣ ನೋಡಿ ಬೇರ್ಪಡಿಸಿದಾಗ ಚಿತ್ರ ತಿರುವುಮುರುವಾಯಿತು. ಹೆಚ್ಚಿದ್ದೆಲ್ಲ ನೀಲಿ ರೆಕ್ಕೆಯ, ಬೇರೊಂದು ಜಾತಿಯ ಮಹಶೀರ್. ಡುಬ್ಬದ ಮೀನು ಕಡಿಮೆಯಾಗುತ್ತಲೇ ಬಂದಿತ್ತು, ಸಿಕ್ಕವೂ ಬಹುಪಾಲು ದೊಡ್ಡವು. ತೊಟ್ಟಿಲು ತೂಗುವುದು ನಿಂತು ಮುದುಕರಷ್ಟೇ ಉಳಿದ ಊರಿನ ಸ್ಥಿತಿ ಅದು.

ಗಾಳದವರ ಲೆಕ್ಕವನ್ನು ನಂಬುವುದು ಹೇಗೆ, ಅವರಿಗೆ ದೊಡ್ಡ ಮೀನಿನ ಮೇಲೇ ಕಣ್ಣಲ್ಲವೇ ಎಂದು ಕೇಳಬಹುದು. ಪ್ರಶ್ನೆ ಸರಿಯಾದದ್ದೇ. ಆದರೆ ಅದೇ ಮಡುವಿನಲ್ಲಿ, ಅದೇ ರಾಗಿ ಹಿಟ್ಟಿನ ಉಂಡೆಗೆ ನೀಲಿ ರೆಕ್ಕೆಯ ಸಣ್ಣ ಮೀನುಗಳು ಧಾರಾಳವಾಗಿ ಸಿಗುತ್ತಿದ್ದವು. ಗಾಳ ಸಣ್ಣದನ್ನು ಬಿಟ್ಟು ದೊಡ್ಡದನ್ನೇ ಹಿಡಿಯುವಂತಿದ್ದರೆ ಎರಡು ಜಾತಿಗೂ ಹಾಗೇ ಆಗಬೇಕಿತ್ತು. ಒಂದರ ಮರಿ ಸಿಕ್ಕಿ ಇನ್ನೊಂದರ ಮರಿ ಸಿಗದೆ ಹೋದದ್ದಕ್ಕೆ ಗಾಳವನ್ನು ದೂರಿ ಪ್ರಯೋಜನವಿಲ್ಲ.

ನೀಲಿ ರೆಕ್ಕೆಯದು ತಾನಾಗಿ ಬಂದದ್ದಲ್ಲ. ಲೋಣಾವಳದ ಟಾಟಾ ಸಂಸ್ಥೆಯ ಮರಿ ಉತ್ಪಾದನಾ ಕೇಂದ್ರದಲ್ಲಿ ಬೆಳೆಸಿದ ಮರಿಗಳನ್ನು ದೇಶದ ಹಲವು ನದಿಗಳಿಗೆ ಬಿಟ್ಟರು, ಕಾವೇರಿಗೂ ಬಿಟ್ಟರು. ಮಹಶೀರ್ ಉಳಿಸಬೇಕೆಂಬ ಸದುದ್ದೇಶವೇ ಅದರ ಹಿಂದಿತ್ತು. ಯಾವ ಮಹಶೀರ್ ಎಂಬ ಪ್ರಶ್ನೆ ಆಗ ಏಳಲಿಲ್ಲ, ಏಳುವಂತೆಯೂ ಇರಲಿಲ್ಲ. 1873ರಲ್ಲೇ ಎಚ್. ಎಸ್. ಥಾಮಸ್ ಗಾಳಗಾರಿಕೆಯ ಪುಸ್ತಕ ಬರೆದು ಮಹಶೀರನ್ನು ಹೊಗಳಿದ್ದರೂ, ಡುಬ್ಬದ ಮೀನಿಗೆ ಖಚಿತವಾದ ವೈಜ್ಞಾನಿಕ ಹೆಸರು ದಕ್ಕಿದ್ದು 2018ರಲ್ಲಿ. ಕೇರಳದ ಪಾಂಬಾರ್ ನದಿಯಿಂದ ಮೊದಲೇ ವರ್ಣಿಸಿದ್ದ ಟಾರ್ ರೆಮಾದೇವಿಯೇ ಇದು ಎಂದು ಆ ವರ್ಷ ಗೊತ್ತಾಯಿತು. ಅದೇ ವರ್ಷ ಐಯುಸಿಎನ್ ಕೆಂಪು ಪಟ್ಟಿಯಲ್ಲಿ ತೀವ್ರ ಅಳಿವಿನಂಚಿನ ಜೀವಿಯೆಂದು ಸೇರಿತು. ನಾಮಕರಣಕ್ಕೂ ತಿಥಿಗೂ ಒಂದೇ ವರ್ಷ ಮುಹೂರ್ತ ಇಟ್ಟಂತೆ! ಹೊರಗಿನ ಮೀನೊಂದೇ ಈ ಕುಸಿತಕ್ಕೆ ಕಾರಣ ಎನ್ನುವಂತಿಲ್ಲ. ಅಣೆಕಟ್ಟೆಗಳು ಮೀನಿನ ದಾರಿ ಕಟ್ಟಿವೆ, ಮರಳು ತೆಗೆದು ಮೊಟ್ಟೆಯಿಡುವ ತಾಣ ಕೆಡಿಸಿದ್ದೇವೆ, ತೋಟೆ ಹಾಕಿ ಇಡೀ ಮಡುವನ್ನೇ ಕೊಲ್ಲುವವರಿದ್ದಾರೆ. ಇವುಗಳಲ್ಲಿ ಯಾವುದರ ಪಾಲು ಎಷ್ಟು ಎಂದು ತೂಗಿ ಹೇಳಬೇಕಾದರೆ ವರ್ಷ ತಪ್ಪದ ದಾಖಲೆ ಬೇಕು.

ಆ ದಾಖಲೆ 2012ಕ್ಕೆ ನಿಂತಿತು. ವನ್ಯಜೀವಿ ಕಾಯ್ದೆಯ ಪ್ರಕಾರ ಅಭಯಾರಣ್ಯದಲ್ಲಿ ಗಾಳ ಹಾಕುವುದೂ ಬೇಟೆಯೇ ಎಂದಾಗ ಶಿಬಿರಗಳ ಗಾಳಗಾರಿಕೆ ಮುಚ್ಚಿತು. ಮೋಜಿಗಾಗಿ ಮೀನಿನ ಬಾಯಿಗೆ ಕೊಕ್ಕೆ ಸಿಕ್ಕಿಸುವುದು ಕ್ರೌರ್ಯವೆನ್ನುವವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಮೋಜು ನಿಲ್ಲಲಿ. ಆದರೆ ಮೋಜಿನ ಜೊತೆಗೆ ಲೆಕ್ಕವನ್ನೂ, ಅಲ್ಲಿ ದುಡಿಯುತ್ತಿದ್ದ ಸ್ಥಳೀಯರ ಕಾವಲನ್ನೂ ನಿಲ್ಲಿಸಿ, ಅವುಗಳ ಜಾಗದಲ್ಲಿ ಬೇರೇನನ್ನೂ ಇಡದೆ ಹೋದದ್ದು ತಪ್ಪು. ನೀರಿನಲ್ಲಿ ಜೀವಿಗಳು ಬಿಟ್ಟುಹೋದ ಡಿಎನ್ಎ ಹುಡುಕುವ ವಿಧಾನ ಈಗ ಬಂದಿದೆ, ಮೀನು ಮುಟ್ಟುವ ಅಗತ್ಯವೇ ಇಲ್ಲ ಎನ್ನುತ್ತಾರೆ. ಒಂದು ಬಾಟಲಿ ನೀರು ಈ ಜಾತಿ ಇಲ್ಲಿದೆ ಎಂದು ಹೇಳೀತು, ನಿಜ. ಇರುವುದು ಮುದಿ ಮೀನೋ ಮರಿಯೋ ಎಂಬುದನ್ನು ಅದು ಹೇಳದು, ನಮಗೆ ಬೇಕಾದದ್ದು ಅದೇ. ಆದ್ದರಿಂದ ಎರಡೂ ಬೇಕು. ನೀರಿನ ಪರೀಕ್ಷೆಯಿಂದ ಮಡು ಗುರುತಿಸಿ, ಅಲ್ಲಿ ಅರಣ್ಯ ಇಲಾಖೆಯ ಅನುಮತಿಯೊಂದಿಗೆ, ನದಿ ಬಲ್ಲ ಸ್ಥಳೀಯ ಬೆಸ್ತರಿಂದಲೇ ಮೀನು ಹಿಡಿಸಿ, ಅಳೆದು, ರೆಕ್ಕೆಯ ಬಣ್ಣ ಬರೆದು ಬಿಡಬೇಕು. ತಮಿಳುನಾಡಿನ ಮೋಯಾರ್ ನದಿಯಲ್ಲಿ ಈ ಮೀನು ಇನ್ನೂ ಇದೆಯೆಂದು ಖಚಿತವಾಗಿದ್ದೂ ನದಿಗಿಳಿದು ಹುಡುಕಿದ್ದರಿಂದಲೇ. ಮೇಕೆದಾಟಿನಲ್ಲಿ 67.16 ಟಿಎಂಸಿ ನೀರು ನಿಲ್ಲಿಸುವ ಯೋಜನೆ ಚರ್ಚೆಯಲ್ಲಿರುವಾಗ ಈ ಕೆಲಸ ಇನ್ನೂ ತುರ್ತಿನದು. ನೀರು ನಿಂತ ಮೇಲೆ, ಹರಿಯುವ ನದಿಯಲ್ಲಿ ಏನಿತ್ತೆಂದು ಅಳೆಯಲಾಗದು.

ನಿಮ್ಮೂರಿನ ಹೊಳೆಗೂ ಒಂದು ದಿನ ಮೀನು ಮರಿ ಬಿಡುವ ಸಮಾರಂಭ ನಡೆದೀತು. ಆಗ ಚಪ್ಪಾಳೆ ತಟ್ಟುವ ಮೊದಲು ಈ ಮರಿಗಳ ತಾಯಿ ಯಾವ ನದಿಯದು ಎಂದು ಕೇಳಿ.