ನೆಲದಡಿಯ ಸಿರಿಗೆ ಗುತ್ತಿಗೆ

ಗದ್ದೆಯ ಗುತ್ತಿಗೆ ಎಂದರೇನೆಂಬುದನ್ನು ಹುದಿಕೇರಿಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಒಪ್ಪಿದ ಭತ್ತ ಒಡೆಯನದು, ಉಳಿದದ್ದು ಗುತ್ತಿಗೆದಾರನದು; ಅವಧಿ ತೀರಿದೊಡನೆ ಗದ್ದೆ ಇದ್ದಂತೆಯೇ ಮರಳುತ್ತದೆ. ಆದರೆ ನೆಲದಡಿಯ ಚಿನ್ನಕ್ಕೋ ಎಣ್ಣೆಗೋ ಗುತ್ತಿಗೆ ಬರೆದುಕೊಟ್ಟರೆ? ತೆಗೆದದ್ದು ಮತ್ತೆ ಬೆಳೆಯದು. ಆದುದರಿಂದ ಅಂಥ ಪತ್ರದ ಒಂದೊಂದು ಮಾತನ್ನೂ ತೂಗಿ ನೋಡಬೇಕು.

ಕೋಲಾರದ ಚಿನ್ನ ಅಗೆಯಲು ಮೈಸೂರು ಸರಕಾರದ ಅಪ್ಪಣೆಯನ್ನು 1873ರಲ್ಲಿ ಬೇಡಿದವನು ಲವೆಲ್ ಎಂಬ ನಿವೃತ್ತ ಸೈನಿಕ. ಹಕ್ಕು ದೊರೆತರೂ ಬಂಡವಾಳವಿರಲಿಲ್ಲ, ಹಕ್ಕು ಕೈಬದಲಾಯಿತು. 1880ರಲ್ಲಿ ಲಂಡನ್ನಿನಲ್ಲಿ ಮೈಸೂರು ಗಣಿ ಕಂಪನಿ ಹುಟ್ಟಿತು.

ಅದೇ ಹೊತ್ತಿಗೆ ನಮ್ಮ ಕುಟ್ಟದ ಆಚೆಯ ವಯನಾಡು ಸೀಮೆಯಲ್ಲಿ, ದೇವಾಲ, ಪಂದಲೂರುಗಳ ಸುತ್ತ, ಚಿನ್ನದ ಹುಚ್ಚೆದ್ದಿತ್ತು. ಮೂವತ್ತಕ್ಕೂ ಹೆಚ್ಚು ಕಂಪನಿಗಳು, ಕಾಗದದ ಮೇಲೆ ನಲವತ್ತು ಲಕ್ಷ ಪೌಂಡಿಗೂ ಮಿಕ್ಕ ಬಂಡವಾಳ! ಪಾಲುದಾರರ ಹಣದಲ್ಲಿ ಬಹುಪಾಲು ಬಂಡೆಯನ್ನು ಮುಟ್ಟುವ ಮೊದಲೇ ಕಾಫಿತೋಟ ಮಾರಿದವರ ಕೈ ಸೇರಿತು. ಕೆಲವೇ ವರ್ಷಗಳಲ್ಲಿ ಅವು ಮುಚ್ಚಿಹೋದವು. ಕೋಲಾರದವರೂ ಮೊದಲು ಬರಿಗೈಯಾದರು. ಆದರೆ ಉಳಿದ ಹಣವನ್ನು ಆಳಕ್ಕೆ ಇಳಿಸಿದರು, ಚಾಂಪಿಯನ್ ಪದರ ಸಿಕ್ಕಿತು.

ಇನ್ನು ಒಡೆಯನ ಪಾಲು, ಎಂದರೆ ರಾಜಧನ. ಕೋಲಾರದಲ್ಲಿ ಅದು ತೆಗೆದ ಚಿನ್ನದ ಒಟ್ಟು ಬೆಲೆಯಲ್ಲಿ ನೂರಕ್ಕೆ 5ರಂತೆ ನಿಂತಿತು. ಕಂಪನಿಗೆ ಲಾಭವಾಗಲಿ, ನಷ್ಟವಾಗಲಿ, ಚಿನ್ನ ಹೊರಬಂದರೆ ಸರಕಾರಕ್ಕೆ ಪಾಲು ಉಂಟು.

ಎಣ್ಣೆಯ ಕಥೆ ಬೇರೆ. 1901ರಲ್ಲಿ ಪರ್ಷಿಯಾದ ದೊರೆ ಡಾರ್ಸಿ ಎಂಬವನಿಗೆ 60 ವರ್ಷಗಳ ಹಕ್ಕು ಬರೆದುಕೊಟ್ಟನು. ಕೈಗೆ ಬಂದದ್ದು 20,000 ಪೌಂಡು ನಗದು, ಅಷ್ಟೇ ಬೆಲೆಯ ಷೇರು, ಮತ್ತು ನಿವ್ವಳ ಲಾಭದಲ್ಲಿ ನೂರಕ್ಕೆ 16. ಐದಕ್ಕಿಂತ ಹದಿನಾರು ದೊಡ್ಡದಲ್ಲವೇ ಎನ್ನುವಿರಿ. ಆದರೆ ಲಾಭದ ಲೆಕ್ಕ ಬರೆಯುವವನು ಯಾರು? ಕಂಪನಿಯೇ! 1908ರಲ್ಲಿ ಎಣ್ಣೆ ಚಿಮ್ಮಿತು. ಮುಂದೆ ಆ ಲೆಕ್ಕದ ಮೇಲೆಯೇ ಜಗಳ ಬೆಳೆಯಿತು. 1931ರಲ್ಲಿ ಲಾಭ ಕುಸಿದು ಪಾಲು ತೀರ ಇಳಿಯಿತು; 1932ರಲ್ಲಿ ಪರ್ಷಿಯಾ ಒಪ್ಪಂದವನ್ನೇ ಮುರಿಯಿತು. 1933ರ ಹೊಸ ಪತ್ರದಲ್ಲಿ ಟನ್ನಿಗೆ ಇಷ್ಟೆಂದು ಪಾಲು ಗೊತ್ತುಮಾಡಿದರು.

2001ರಲ್ಲಿ ಕೋಲಾರದ ಗಣಿ ಮುಚ್ಚಿತು. ಉಳಿದದ್ದು ಬೂದುಬಣ್ಣದ ಸಯನೈಡ್ ಮಣ್ಣಿನ ದಿಬ್ಬಗಳು, ಮತ್ತು ಕೆಲಸವಿಲ್ಲದ ಸಂಸಾರಗಳು.

ಆದುದರಿಂದ, ಷೇರಿನ ಪ್ರಕಟಣೆಯನ್ನೋ ಗುತ್ತಿಗೆಯ ಪತ್ರವನ್ನೋ ಯಾರಾದರೂ ತಮ್ಮ ಮುಂದಿಟ್ಟರೆ ಮೂರು ಮಾತು ಕೇಳಿರಿ: ಹಣ ಬಂಡೆಗೆ ಹೋಗುವುದೋ, ಮಾರುವವನಿಗೋ? ಪಾಲು ಉತ್ಪನ್ನದ ಮೇಲೋ, ಲಾಭದ ಮೇಲೋ? ಎಲ್ಲ ಮುಗಿದ ಮೇಲೆ ನೆಲವನ್ನು ಸರಿಮಾಡುವವರು ಯಾರು? ಉತ್ತರ ದೊರೆಯದಿದ್ದರೆ ಸಹಿ ಹಾಕುವ ಅವಸರ ಬೇಡ.